ವಿಪಿಎನ್ ಕನೆಕ್ಟ್ ಆಗುತ್ತೆ, ಆಫೀಸ್ ಕಂಪ್ಯೂಟರ್ ಮಾತ್ರ ಸಿಗಲ್ಲ

ಕೀಲಿಮಣೆ:
ಆಫೀಸಲ್ಲಿ ವಿಂಡೋಸ್ 11 ಪ್ರೊ, ಐಪಿ 192.168.1.45. ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಈ ಕಂಪ್ಯೂಟರ್ ಬಳಸೋ ಸೌಲಭ್ಯ) ಆನ್ ಇದೆ. ಮನೆಯಲ್ಲಿ ವಿಂಡೋಸ್ 11 ಹೋಮ್ ಲ್ಯಾಪ್‌ಟಾಪ್, ಐಪಿ 192.168.1.7. ಮನೆ ವೈಫೈನಲ್ಲಿ ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಸೇರಿಸೋ ಸುರಕ್ಷಿತ ದಾರಿ) ಕನೆಕ್ಟೆಡ್ ಅಂತ ತೋರಿಸುತ್ತೆ, ರಿಮೋಟ್ ಮಾತ್ರ ಬರಲ್ಲ. ಫೋನ್ ಹಾಟ್‌ಸ್ಪಾಟ್ ಹಾಕಿದ್ರೆ ಬರುತ್ತೆ. ಹೋಮ್ ಎಡಿಶನ್ ತೊಂದರೆನಾ? ರೌಟರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸೋ 3389 ಪೋರ್ಟ್ ಫಾರ್ವರ್ಡ್ ಮಾಡ್ಬೇಕಾ (ಹೊರಗಿನಿಂದ ಬರೋಕೆ ತೆರೀಬೇಕಾ)?

ತಂತಿಜಾಲ:
ಎರಡೂ ಅಲ್ಲ. ಹೋಮ್ ಎಡಿಶನ್‌ನಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು. ಬೇರೆಯವರು ಅದರೊಳಗೆ ಬರೋಕಾಗಲ್ಲ, ಅಷ್ಟೇ. ಹಾಟ್‌ಸ್ಪಾಟಲ್ಲಿ ಬರುತ್ತೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಮನೆ, ಆಫೀಸು ಎರಡೂ ಕಡೆ 192.168.1 ಸಾಲಿನ ವಿಳಾಸ. 192.168.1.45 ಅಂದ ತಕ್ಷಣ ಲ್ಯಾಪ್‌ಟಾಪ್ ಇದು ನಮ್ಮನೆಯದೇ ಅಂದ್ಕೊಂಡು ವೈಫೈ ಒಳಗೇ ಹುಡುಕುತ್ತೆ, ವಿಪಿಎನ್ ಕಡೆ ಕಳಿಸೋದೇ ಇಲ್ಲ.

ಮನೆ ರೌಟರ್‌ನ ಪೇಜ್‌ಗೆ ಹೋಗಿ, ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ರೌಟರ್ ಐಪಿಯನ್ನ 192.168.77.1 ಮಾಡಿ. ಡಿಎಚ್‌ಸಿಪಿ ರೇಂಜ್ (ರೌಟರ್ ತಾನೇ ಹಂಚೋ ಐಪಿಗಳ ಸಾಲು) ತಾನಾಗಿ ಬದಲಾಗದಿದ್ರೆ 192.168.77.100ರಿಂದ 200 ಕೊಡಿ. ರೌಟರ್ ರೀಸ್ಟಾರ್ಟ್ ಮಾಡಿ, ವೈಫೈ ಬಿಟ್ಟು ಮತ್ತೆ ಸೇರಿ. ಸಿಸಿಟಿವಿ ಡಿವಿಆರ್‌ಗೋ ಪ್ರಿಂಟರ್‌ಗೋ ಕೈಯಲ್ಲಿ ಐಪಿ ಹಾಕಿದ್ರೆ ಅದನ್ನೂ ಬದಲಿಸಬೇಕು. ಇದನ್ನ ಮರೆತು ಮಾರನೇ ದಿನ ಕ್ಯಾಮೆರಾ ಕೆಟ್ಟಿದೆ ಅಂತ ಹುಡುಕಾಡೋರೇ ಜಾಸ್ತಿ. 192.168.0 ಸಾಲು ಬೇಡ, ಅದನ್ನೂ ಎಷ್ಟೋ ಆಫೀಸುಗಳು ಬಳಸ್ತವೆ.

ಬೀಗದಕೈ:
3389 ವಿಚಾರ: ದಯವಿಟ್ಟು ತೆರೀಬೇಡಿ, ಮನೇಲೂ ಬೇಡ, ಆಫೀಸಲ್ಲೂ ಬೇಡ. ಇಂಟರ್ನೆಟ್‌ಗೆ ತೆರೆದಿಟ್ಟ ಈ ಪೋರ್ಟ್‌ನ ಹುಡುಕಿ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡೋ ಬಾಟ್‌ಗಳು ಹಗಲೂ ರಾತ್ರಿ ಓಡ್ತಿರ್ತವೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 2019ರಲ್ಲಿ ಸಿಕ್ಕಿದ ಬ್ಲೂಕೀಪ್ ದೋಷಕ್ಕಂತೂ ಪಾಸ್‌ವರ್ಡೂ ಬೇಕಿರಲಿಲ್ಲ (ಅದು ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯವಕ್ಕೆ). ವಿಪಿಎನ್ ಒಳಗಿಂದಲೇ ಹೋಗಿ.

ಲಾಗಿನ್ ಆಗುವಾಗ ಪಿನ್ ಹಾಕಿದ್ರೆ ತಗೊಳ್ಳಲ್ಲ, ಅಕೌಂಟ್‌ನ ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದು ಪಾಸ್‌ವರ್ಡ್ ಸರಿ ಇದ್ದರೂ ಬೇಡ ಅಂದ್ರೆ, ಆಫೀಸ್ ಕಂಪ್ಯೂಟರ್ ಮುಂದೆ ಕೂತು ಒಂದ್ಸಲ ಪಾಸ್‌ವರ್ಡ್‌ನಲ್ಲೇ ಲಾಗಿನ್ ಆಗಿ. ಅಲ್ಲಿ ಸ್ಲೀಪ್ ‘ನೆವರ್’ ಇರಲಿ. ಮಾನಿಟರ್ ಆಫ್ ಆಗಿದ್ರೆ ಪರವಾಗಿಲ್ಲ.

ಒತ್ತಕ್ಷರ:
ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡೋರಾದ್ರೆ ಇನ್ನೊಂದು. ನುಡಿ ಎರಡೂ ಕಡೆ ಓಡ್ತಿದ್ರೆ ಅಕ್ಷರ ಕಲಸಿಹೋಗುತ್ತೆ. ಮನೆಯದನ್ನ ಮುಚ್ಚಿ, ಆಫೀಸಿನದು ಮಾತ್ರ ಇರಲಿ. ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸೋ ಸ್ಕ್ರೋಲ್ ಲಾಕ್ ಕೀ ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿದ್ರೆ, ರಿಮೋಟ್ ಒಳಗಡೆ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಅದರಲ್ಲಿ ಒತ್ತಿ.

ರಿಮೋಟ್ ಒಳಗೆ ಕಂಟ್ರೋಲ್-ಆಲ್ಟ್-ಡಿಲೀಟ್ ಬದಲು ಕಂಟ್ರೋಲ್-ಆಲ್ಟ್-ಎಂಡ್. ಕೆಲಸ ಮುಗಿದ ಮೇಲೆ ಡಿಸ್ಕನೆಕ್ಟ್ ಮಾಡಿ. ಅಪ್ಪಿತಪ್ಪಿ ಶಟ್‌ಡೌನ್ ಕೊಟ್ರೆ, ಪವರ್ ಬಟನ್ ಒತ್ತೋಕೆ ಯಾರಾದ್ರೂ ಆಫೀಸಿಗೇ ಹೋಗ್ಬೇಕು.