ಒಂದೇ ಎಫ್‌ಡಿಜಿ, ಮೈಗೊಂದು ಓದು, ಮಿದುಳಿಗೊಂದು ಓದು: ಪೆಟ್-ಸಿಟಿ ಬಗ್ಗೆ ಮೂರು ಸಂದೇಹ

ಓದುಗ_27:
ಪೆಟ್-ಸಿಟಿ ಸ್ಕ್ಯಾನಿಗೆ ಬರುವವರ ಕೈಗೆ ಕೊಡುವ ಸೂಚನಾ ಪತ್ರ ಬರೆಯುತ್ತಿದ್ದೇನೆ, ಮೂರು ಕಡೆ ಸಿಕ್ಕಿಕೊಂಡಿದೆ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೂ ಮರೆವಿನ ಕಾಯಿಲೆಗೂ ಚುಚ್ಚುವುದು ಅದೇ ಎಫ್‌ಡಿಜಿ, ಅಂದರೆ ವಿಕಿರಣ ಗುರುತಿನ ಸಕ್ಕರೆ. ಹಾಗಿದ್ದ ಮೇಲೆ ಮಿದುಳಿನ ಸ್ಕ್ಯಾನಿಗೆ ಮಾತ್ರ ಮಂದ ಬೆಳಕಿನ ಕೋಣೆ ಏಕೆ? ಇಡೀ ಮೈಯ ರಿಪೋರ್ಟಿನಲ್ಲಿ 'ಮಿದುಳಿನಲ್ಲಿ ಅಸಹಜ ಹೀರಿಕೆ ಇಲ್ಲ' ಎಂದು ಬಂದರೂ ಮತ್ತೆ ಎಮ್‌ಆರ್‌ಐ ಬರೆಯುತ್ತಾರಲ್ಲ, ಅದೇಕೆ? ಕೊನೆಯದು: ಎಸ್‌ಯುವಿ, ಅಂದರೆ ಹೀರಿಕೆಯ ಅಂಕಿ, ಎಷ್ಟು ದಾಟಿದರೆ ಕ್ಯಾನ್ಸರ್ ಎನ್ನಬಹುದು?

ಐಸೋಟೋಪು:
ಸಿದ್ಧತೆಯ ಭಾಗ ನಾನು ಹೇಳುತ್ತೇನೆ. ಎಫ್‌ಡಿಜಿ ಎಂದರೆ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಜೀವಕೋಶ ಅದನ್ನು ಸಕ್ಕರೆ ಎಂದೇ ಒಳಗೆ ಎಳೆದುಕೊಂಡು ಫಾಸ್ಫೇಟ್ ಸೇರಿಸುತ್ತದೆ, ಆಮೇಲೆ ಮುಂದಕ್ಕೆ ಒಡೆಯಲಾರದೆ ಅದು ಅಲ್ಲೇ ಉಳಿದುಬಿಡುತ್ತದೆ. ಹಾಗೆ ಉಳಿದದ್ದನ್ನೇ ಯಂತ್ರ ಎಣಿಸುವುದು. ಫ್ಲೋರಿನ್-18ರಿಂದ ಹೊರಬಿದ್ದ ಪಾಸಿಟ್ರಾನ್ (ಧನ ವಿದ್ಯುದಂಶದ ಕಣ) ಪಕ್ಕದ ಎಲೆಕ್ಟ್ರಾನ್ ಜತೆ ಸೇರಿ ನಾಶವಾದಾಗ ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳು ಎದುರುಬದುರು ಓಡುತ್ತವೆ. ಸುತ್ತಲಿನ ಉಂಗುರ ಎರಡನ್ನೂ ಒಟ್ಟಿಗೆ ಹಿಡಿದರೆ ಅವು ಹುಟ್ಟಿದ್ದು ಯಾವ ಗೆರೆಯ ಮೇಲೆ ಎಂದು ಗೊತ್ತಾಗುತ್ತದೆ. ಸಿಟಿ ಅದಕ್ಕೆ ಅಂಗಗಳ ನಕ್ಷೆ ಕೊಡುತ್ತದೆ, ಮೈಯೊಳಗೇ ಹೀರಿಹೋದ ಕಿರಣಗಳ ಲೆಕ್ಕವನ್ನೂ ಸರಿಪಡಿಸುತ್ತದೆ.

ಮಿದುಳು ಚುಚ್ಚಿದ ಎಫ್‌ಡಿಜಿಯ ಬಹುಪಾಲನ್ನು ಮೊದಲ ಅರ್ಧ ಗಂಟೆಯಲ್ಲೇ ಎಳೆದುಕೊಳ್ಳುತ್ತದೆ. ಆಗ ಮೊಬೈಲ್ ನೋಡುತ್ತಿದ್ದರೆ ತಲೆಯ ಹಿಂಭಾಗದ ದೃಷ್ಟಿ ಪ್ರದೇಶ ಬೆಳಗುತ್ತದೆ, ಮಾತಾಡುತ್ತಿದ್ದರೆ ಭಾಷೆಯ ಪ್ರದೇಶ. ಆದ್ದರಿಂದ ಸೂಜಿಯನ್ನು ಮೊದಲೇ ಹಾಕಿಟ್ಟು, ಮಂದ ಬೆಳಕಿನಲ್ಲಿ ಸುಮಾರು 15 ನಿಮಿಷ ಸುಮ್ಮನೆ ಮಲಗಿಸಿ, ಅನಂತರ ಔಷಧಿ ಬಿಡಬೇಕು. ನರ ಹುಡುಕುವ ನೋವು, ಗಲಿಬಿಲಿ ಎಲ್ಲ ಚುಚ್ಚುವ ಮೊದಲೇ ಮುಗಿದಿರಲಿ. ಸುಮ್ಮನಿರಲಾಗದವರಿಗೆ ನಿದ್ದೆಮದ್ದು ಬೇಕಾದರೆ ಹೀರಿಕೆ ಮುಗಿದ ಮೇಲೆ, ಸ್ಕ್ಯಾನಿಗೆ ಸ್ವಲ್ಪ ಮುಂಚೆ ಕೊಡುವುದು ಲೇಸು. ಮುಂಚಿತವಾಗಿ ಕೊಟ್ಟರೆ ಇಡೀ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಮಂಕಾಗುತ್ತದೆ.

ಮೈಯ ಸ್ಕ್ಯಾನಿನಲ್ಲಿ ತೊಂದರೆ ಕೊಡುವುದು ಸ್ನಾಯು ಮತ್ತು ಮೈಗೆ ಶಾಖ ಹುಟ್ಟಿಸುವ ಕಂದು ಕೊಬ್ಬು. ಹಿಂದಿನ 24 ಗಂಟೆ ಕಠಿಣ ವ್ಯಾಯಾಮ ಬೇಡ. ಚುಚ್ಚಿದ ಮೇಲೆ ಹರಟಿದರೆ ಗಂಟಲಿನ ಸ್ನಾಯು ಹೊಳೆಯುತ್ತದೆ. ಚಳಿ ಹಿಡಿದರೆ ಕುತ್ತಿಗೆ, ಹೆಗಲ ಬಳಿಯ ಕಂದು ಕೊಬ್ಬು ಹೊತ್ತಿಕೊಂಡು ದುಗ್ಧಗ್ರಂಥಿಗಳನ್ನು ಮರೆಮಾಡುತ್ತದೆ. ಕಂಬಳಿ ಹೊದಿಸುವುದು ಬರೀ ಉಪಚಾರಕ್ಕಲ್ಲ.

ಕನಿಷ್ಠ 4ರಿಂದ 6 ಗಂಟೆ ಉಪವಾಸ, ನೀರು ಮಾತ್ರ ಧಾರಾಳ. ಶುಗರ್ 200 ಮಿಲಿಗ್ರಾಂ ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಅದನ್ನು ಇಳಿಸಲೆಂದು ಇನ್ಸುಲಿನ್ ಕೊಟ್ಟು ತಕ್ಷಣ ಎಫ್‌ಡಿಜಿ ಬಿಟ್ಟರೆ ಅಷ್ಟೂ ಸ್ನಾಯುಗಳ ಪಾಲು, ಗಡ್ಡೆಗೆ ಸಿಗುವುದು ಅಲ್ಪ. ಬೇಗ ಕೆಲಸ ಮಾಡುವ ಇನ್ಸುಲಿನ್ ಆದರೂ ನಾಲ್ಕು ಗಂಟೆ ಅಂತರ ಬೇಕು. ಮೆಟ್‌ಫಾರ್ಮಿನ್ ಕರುಳನ್ನು ಬೆಳಗಿಸುತ್ತದೆ. ಕರುಳಿನಲ್ಲೇ ಹುಡುಕಬೇಕಿದ್ದರೆ 48 ಗಂಟೆ ನಿಲ್ಲಿಸುವ ಪದ್ಧತಿ ಇದೆ, ಆದರೆ ನಿಲ್ಲಿಸುವ ನಿರ್ಧಾರ ಸಕ್ಕರೆ ಕಾಯಿಲೆ ನೋಡುವ ವೈದ್ಯರದ್ದು. ಪತ್ರದಲ್ಲಿ 'ನೀವೇ ನಿಲ್ಲಿಸಿ' ಎಂದು ಬರೆಯಬೇಡಿ.

ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ತಡವಾಗಿ ಬಂದವರಿಗೆ 'ಇವತ್ತು ಆಗುವುದಿಲ್ಲ' ಎನ್ನುವುದು ಅದಕ್ಕೇ. ಆ ಹೊತ್ತಿಗೆ ಸೀಸೆಯಲ್ಲಿ ಔಷಧಿ ಇದ್ದರೂ ಸಾಕಷ್ಟು ಕಿರಣ ಉಳಿದಿರುವುದಿಲ್ಲ.

ಬಿಂಬನೋಟ:
ಎಸ್‌ಯುವಿ ಪ್ರಶ್ನೆಗೆ ಉತ್ತರ: ಅಂಥ ಗಡಿಸಂಖ್ಯೆ ಇಲ್ಲ. 2.5 ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ, ಅದನ್ನು ಪತ್ರಕ್ಕೆ ಸೇರಿಸಲೇಬೇಡಿ. ಒಂದು ಜಾಗದಲ್ಲಿ ಕಂಡ ವಿಕಿರಣವನ್ನು, ಚುಚ್ಚಿದ ಪ್ರಮಾಣ ಮೈಯಿಡೀ ಸಮನಾಗಿ ಹರಡಿದ್ದರೆ ಎಷ್ಟಿರುತ್ತಿತ್ತೋ ಅದರಿಂದ ಭಾಗಿಸಿದ್ದು ಈ ಎಸ್‌ಯುವಿ. ತೂಕ ತಪ್ಪು ಬರೆದರೆ, ಸಿರಿಂಜಿನಲ್ಲಿ ಉಳಿದದ್ದನ್ನು ಕಳೆಯದಿದ್ದರೆ, ಔಷಧಿ ನರದಿಂದ ಹೊರಗೆ ಸೋರಿದ್ದರೆ, 60 ನಿಮಿಷದ ಬದಲು 90ಕ್ಕೆ ಸ್ಕ್ಯಾನ್ ಮಾಡಿದರೆ ಸಂಖ್ಯೆಯೇ ಬದಲು. ಹಿಂದಿನ ಸ್ಕ್ಯಾನಿಗೆ ಹೋಲಿಸಬೇಕಾದರೆ ಅದೇ ಯಂತ್ರ, ಹತ್ತು ನಿಮಿಷದೊಳಗಿನ ವ್ಯತ್ಯಾಸದ ಅದೇ ಕಾಯುವ ಅವಧಿ ಬೇಕು.

ಅದಕ್ಕಿಂತ ಮುಖ್ಯ, ಪೆಟ್ ತೋರಿಸುವುದು ಸಕ್ಕರೆಯ ಹಸಿವನ್ನು. ಆ ಹಸಿವು ಕ್ಯಾನ್ಸರಿನದ್ದೇ ಆಗಬೇಕಿಲ್ಲ. ಕ್ಷಯದ ಗಂಟು, ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ, ಹೊಸ ಶಸ್ತ್ರಚಿಕಿತ್ಸೆಯ ಗಾಯ ಎಲ್ಲವೂ ಚೆನ್ನಾಗಿಯೇ ಹೊಳೆಯುತ್ತವೆ. ತದ್ವಿರುದ್ಧವಾಗಿ, ನಿಧಾನವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ (ಹಾರ್ಮೋನು ಸ್ರವಿಸುವ ಜೀವಕೋಶಗಳ) ಗಡ್ಡೆ, ಲೋಳೆ ತುಂಬಿದ ಗಡ್ಡೆ, ಹಲವು ಪ್ರಾಸ್ಟೇಟ್ ಕ್ಯಾನ್ಸರ್ ಎಫ್‌ಡಿಜಿಗೆ ಸುಲಭವಾಗಿ ಸಿಗುವುದಿಲ್ಲ. ನ್ಯೂರೋಎಂಡೋಕ್ರೈನ್ ಗಡ್ಡೆಗೆ ಡೋಟಾಟೇಟ್, ಪ್ರಾಸ್ಟೇಟಿಗೆ ಪಿಎಸ್‌ಎಮ್‌ಎ ಎಂಬ ಬೇರೆ ಟ್ರೇಸರ್‌ಗಳಿವೆ (ಚುಚ್ಚುವ ವಿಕಿರಣ ಗುರುತಿನ ಔಷಧಿಗಳು). ಕೆಲವೇ ಮಿಲಿಮೀಟರಿನ ಗಂಟು ಕ್ಯಾನ್ಸರೇ ಆಗಿದ್ದರೂ ಮಸುಕಾಗಿ ಹೋಗಬಹುದು. ಹಾಗಾಗಿ ಹೊಳೆದ ಗಂಟಿನಿಂದ ಚೂರು ತೆಗೆದು ಬಯಾಪ್ಸಿ ಮಾಡಿದ ಮೇಲೇ ಹೆಸರಿಡುವುದು. ಪೆಟ್‌ನ ದೊಡ್ಡ ಉಪಕಾರ ಬೇರೆ: ಎಲ್ಲಿಂದ ಚೂರು ತೆಗೆಯಬೇಕು, ಕಾಯಿಲೆ ಎಷ್ಟು ದೂರ ಹರಡಿದೆ, ಚಿಕಿತ್ಸೆಗೆ ಬಗ್ಗಿದೆಯೇ ಎನ್ನುವುದು.

ಲಿಂಫೋಮಾದಲ್ಲಿ ಡೋವಿಲ್ ಅಂಕ ಬಳಸುವುದು ಈ ಸಂಖ್ಯೆಯ ಗೊಡವೆ ತಪ್ಪಿಸಲಿಕ್ಕೇ. ಗಂಟಿನ ಹೊಳಪನ್ನು ಅದೇ ರೋಗಿಯ ಎದೆಯ ರಕ್ತನಾಳಕ್ಕೆ, ಯಕೃತ್ತಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಯಕೃತ್ತನ್ನು ಮೀರದಿದ್ದರೆ 3 ಅಥವಾ ಕಡಿಮೆ, ಮೀರಿದರೆ 4, ಬಹಳ ಮೀರಿದರೆ ಇಲ್ಲವೇ ಹೊಸ ಗಂಟು ಕಂಡರೆ 5.

ಓದುಗ_27:
2.5 ಅಳಿಸಿದೆ. ಮಿದುಳಿನ ಎಮ್‌ಆರ್‌ಐ ವಿಷಯ ಉಳಿಯಿತು. ಮತ್ತೆ ಎಮ್‌ಆರ್‌ಐ ಬೇಕಾಗುವಷ್ಟು ಪೆಟ್ ಅಲ್ಲಿ ಕುರುಡು ಎಂದರೆ, ಮರೆವಿನ ಕಾಯಿಲೆಗೆ ಅದನ್ನೇ ಏಕೆ ಬರೆಯುತ್ತಾರೆ?

ನರತಂತು:
ಕುರುಡಲ್ಲ, ಕಣ್ಣು ಕೋರೈಸುತ್ತದೆ. ಆರೋಗ್ಯವಂತ ಮಿದುಳೇ ಸಕ್ಕರೆಯನ್ನು ಭರ್ಜರಿಯಾಗಿ ಸುಡುವ ಅಂಗ. ಆ ಬೆಳಕಿನ ನಡುವೆ ಸಣ್ಣ ಮೆಟಾಸ್ಟಾಸಿಸ್ (ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಗಂಟು) ಹೊಳೆದರೂ ಹಗಲಿನಲ್ಲಿ ಹಚ್ಚಿದ ದೀಪದಂತೆ. ಅದನ್ನು ಹುಡುಕಲು ಕಾಂಟ್ರಾಸ್ಟ್ ಕೊಟ್ಟ ಎಮ್‌ಆರ್‌ಐ ಬೇಕು. ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಮಾತ್ರ ತೆಗೆದ ಸ್ಕ್ಯಾನ್ ಆದರಂತೂ ಮಿದುಳು ಬಹುಪಾಲು ಚಿತ್ರದಲ್ಲೇ ಇರುವುದಿಲ್ಲ.

ಮರೆವಿನಲ್ಲಿ ಓದುವ ರೀತಿಯೇ ತಿರುವುಮುರುವು. ಮೈಯಲ್ಲಿ ಹೊಳಪು ಹುಡುಕುತ್ತೇವೆ, ಇಲ್ಲಿ ಮಂಕು. ಆ ಮಂಕು ಎಲ್ಲಿದೆ ಎಂಬುದೇ ಸುಳಿವು. ಆಲ್‌ಝೈಮರ್‌ನಲ್ಲಿ ಪಕ್ಕದ ಮತ್ತು ಮೇಲಿನ ಹಾಲೆಗಳು ಸೇರುವ ಭಾಗ ಹಾಗೂ ಮಧ್ಯರೇಖೆಯ ಹಿಂಭಾಗದ ಸಿಂಗ್ಯುಲೇಟ್ ಎಂಬ ಒಳಮಡಿಕೆ ಮೊದಲು ಬಾಡುತ್ತವೆ. ಫ್ರಂಟೊಟೆಂಪೊರಲ್ ಬಗೆಯ ಮರೆವಿನಲ್ಲಿ ಹಣೆಯ ಹಿಂದಿನ ಹಾಲೆ ಮತ್ತು ಪಕ್ಕದ ಹಾಲೆಯ ಮುಂತುದಿ. ಲೂಯಿ ಬಾಡಿ ಕಾಯಿಲೆಯಲ್ಲಿ ಹಿಂಬದಿಯ ದೃಷ್ಟಿ ಪ್ರದೇಶವೂ ಮಂಕಾಗುತ್ತದೆ, ಹಿಂಭಾಗದ ಸಿಂಗ್ಯುಲೇಟ್ ಮಾತ್ರ ದ್ವೀಪದಂತೆ ಉಳಿಯುತ್ತದೆ. ಹಳೆಯ ಪಾರ್ಶ್ವವಾಯುವಿನ ಕಲೆಯೂ ಮಂಕೇ, ಆದ್ದರಿಂದ ಎಮ್‌ಆರ್‌ಐ ಪಕ್ಕದಲ್ಲಿಟ್ಟುಕೊಳ್ಳದೆ ಓದಬಾರದು. ಮಿದುಳಿನಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ಹುಡುಕುವ ಅಮೈಲಾಯ್ಡ್ ಪೆಟ್ ಬೇರೆಯೇ ಪರೀಕ್ಷೆ: ಅದು ನಕಾರಾತ್ಮಕವಾದರೆ ಆಲ್‌ಝೈಮರ್ ಸಾಧ್ಯತೆ ಬಹಳ ಇಳಿಯುತ್ತದೆ, ಆದರೆ ನೆನಪು ಚೆನ್ನಾಗಿರುವ ವಯಸ್ಸಾದವರಲ್ಲೂ ಅದು ಸಕಾರಾತ್ಮಕವಾಗಬಹುದು.

ಔಷಧಿಗೆ ಬಗ್ಗದ ಅಪಸ್ಮಾರದಲ್ಲಿ, ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಅದು ಹುಟ್ಟುವ ಜಾಗ ಮಂಕಾಗಿ ಕಾಣುತ್ತದೆ; ಎಮ್‌ಆರ್‌ಐ ಸರಿಯಾಗಿಯೇ ಇದ್ದರೂ ಕೆಲವೊಮ್ಮೆ ಇದೊಂದೇ ದಾರಿ. ಎಫ್‌ಡಿಜಿ ಹೀರುವಾಗ ಹೊರಗೆ ಕಾಣದ ಫಿಟ್ಸ್ ನಡೆದರೆ ಅದೇ ಜಾಗ ಹೊಳೆದು, ಆಚೆ ಬದಿಯೇ ಮಂಕೆಂದು ಮೋಸ ಹೋಗಬಹುದು. ಹಾಗಾಗಿ ಆ ಹೊತ್ತಿನಲ್ಲಿ ಇಇಜಿ (ಮಿದುಳಿನ ವಿದ್ಯುತ್ ದಾಖಲೆ) ಹಾಕಿಟ್ಟಿರುವುದು ಒಳ್ಳೆಯದು. ಗ್ಲಿಯೋಮಾ ಎಂಬ ಮಿದುಳಿನ ಗಡ್ಡೆ ಮರುಕಳಿಸಿದೆಯೋ, ರೇಡಿಯೇಷನ್‌ನಿಂದ ಅಂಗಾಂಶ ಸತ್ತಿದೆಯೋ ಎಂಬ ಪ್ರಶ್ನೆಗೆ ಎಫ್‌ಇಟಿ, ಮೆಥಿಯೋನಿನ್‌ನಂಥ ಅಮೈನೊ ಆಮ್ಲದ ಟ್ರೇಸರ್ ಮೇಲು. ಸಹಜ ಮಿದುಳು ಅವನ್ನು ಹೆಚ್ಚು ಹೀರದು, ಹಿನ್ನೆಲೆ ಕತ್ತಲಾಗಿರುತ್ತದೆ.

ಐಸೋಟೋಪು:
ಪತ್ರಕ್ಕೆ ಇನ್ನೆರಡು ಸಾಲು. ಕೀಮೋ ಆದ ಮೇಲೆ ಕನಿಷ್ಠ ಎರಡು ವಾರ, ರೇಡಿಯೇಷನ್ ಮುಗಿದ ಮೇಲೆ ಎರಡು ಮೂರು ತಿಂಗಳು ಬಿಟ್ಟು ಸ್ಕ್ಯಾನ್; ಇಲ್ಲದಿದ್ದರೆ ಉರಿಯೂತವೇ ಗಡ್ಡೆಯಂತೆ ಕಾಣಬಹುದು. ಬಿಳಿರಕ್ತಕಣ ಏರಿಸುವ ಇಂಜೆಕ್ಷನ್ ಈಚೆಗೆ ಕೊಟ್ಟಿದ್ದರೆ ಅದರ ದಿನಾಂಕವನ್ನೂ ಕೇಳಿ ಬರೆದುಕೊಳ್ಳಿ, ಅಸ್ಥಿಮಜ್ಜೆಯೆಲ್ಲ ಹೊಳೆಯುತ್ತದೆ.

ಬಿಂಬನೋಟ:
'ಉಸಿರು ಮೆಲ್ಲಗೆ, ಸಮವಾಗಿ' ಎಂಬ ಸಾಲೂ ಇರಲಿ. ಸಿಟಿ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ, ಪೆಟ್ ಹಲವು ನಿಮಿಷ. ಸಿಟಿ ವೇಳೆ ಆಳವಾಗಿ ಉಸಿರೆಳೆದು ಹಿಡಿದರೆ ಎರಡು ಚಿತ್ರ ಕೂಡುವುದಿಲ್ಲ. ಯಕೃತ್ತಿನ ಮೇಲ್ತುದಿಯ ಗಂಟು ಶ್ವಾಸಕೋಶದ ಬುಡದಲ್ಲಿ ಕೂತಂತೆ ಕಾಣುತ್ತದೆ.