ತಂಡ ಊರು ಬಿಟ್ಟಾಗ ಹೆಸರು ಯಾರ ಪಾಲಿಗೆ?

ಬೆಂಚ್‌ವಾರ್ಮರ್: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯೂಟಾ ರಾಜ್ಯದ ತಂಡಕ್ಕೆ ಜಾಝ್ ಅಂತ ಹೆಸರು ಹೇಗೆ ಬಂತು? ಲಾಸ್ ಏಂಜಲೀಸ್‌ನಲ್ಲಿ ಹೇಳಿಕೊಳ್ಳುವಂಥ ಕೆರೆ ಇಲ್ಲ, ಆದರೂ ಅಲ್ಲಿನ ತಂಡದ ಹೆಸರು ಲೇಕರ್ಸ್, ಅಂದ್ರೆ ಕೆರೆಯವರು. ಊರು ಬದಲಾದಾಗ ಹೆಸರು ಯಾರಿಗೆ ಅಂತ ನಿಯಮ ಇದೆಯಾ?

ಮೂರಂಕ: ಎರಡೂ ವಲಸೆ ಬಂದ ತಂಡಗಳು. ಜಾಝ್ 1974ರಲ್ಲಿ ಹುಟ್ಟಿದ್ದು ಜಾಝ್ ಸಂಗೀತದ ತವರು ನ್ಯೂ ಆರ್ಲಿಯನ್ಸ್‌ನಲ್ಲಿ. ನೇರಳೆ, ಹಸಿರು, ಚಿನ್ನದ ಬಣ್ಣ ಕೂಡ ಅಲ್ಲಿನ ಮಾರ್ಡಿ ಗ್ರಾ ಹಬ್ಬದ್ದೇ. 1979ರಲ್ಲಿ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಹೋಗುವಾಗ ಹೆಸರು, ಬಣ್ಣ ಎರಡನ್ನೂ ಹೊತ್ತೊಯ್ದರು. ಲೇಕರ್ಸ್ ಮಿನ್ನೆಸೊಟಾ ರಾಜ್ಯದ ಮಿನಿಯಾಪೊಲಿಸ್‌ನವರು, 'ಹತ್ತು ಸಾವಿರ ಕೆರೆಗಳ ನಾಡು' ಅನ್ನೋದು ಆ ರಾಜ್ಯದ ಬಿರುದು. 1960ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ಇವೆರಡೂ ಹೆಸರು ಅದಲುಬದಲು ಮಾಡ್ಕೊಂಡಿದ್ರೆ ಎಲ್ಲ ಸರಿಹೋಗ್ತಿತ್ತು!

ನಾಲ್ಕನೇ ಡೌನ್: ಹೆಸರು ಟ್ರೇಡ್‌ಮಾರ್ಕ್. ಬೇರೆ ಒಪ್ಪಂದ ಆಗದಿದ್ದರೆ ತಂಡದ ಜೊತೆಗೇ ಹೋಗುತ್ತೆ. ಊರಲ್ಲೇ ಉಳಿಸಿಕೊಳ್ಳಬೇಕಾದರೆ ಊರಿನ ಕೈಲಿ ಹಿಡಿತ ಇರಬೇಕು, ಅದು ಸಾಮಾನ್ಯವಾಗಿ ಕ್ರೀಡಾಂಗಣದ ಲೀಸ್. ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಮಾಲೀಕ ಆರ್ಟ್ ಮೊಡೆಲ್ 1995ರಲ್ಲಿ ಬಾಲ್ಟಿಮೋರ್‌ಗೆ ಹೊರಟಾಗ ಲೀಸ್ 1998ರವರೆಗೆ ಬಾಕಿ ಇತ್ತು. ನಗರ ಕೋರ್ಟಿಗೆ ಹೋಯಿತು. 1996ರ ರಾಜಿಯಲ್ಲಿ ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲ್ಯಾಂಡ್‌ಗೇ ಉಳಿದವು; ಆಟಗಾರರು ಹೋಗಿ ಬಾಲ್ಟಿಮೋರ್ ರೇವನ್ಸ್ ಆದರು. 1999ರಲ್ಲಿ ಬ್ರೌನ್ಸ್ ಮತ್ತೆ ಕಣಕ್ಕಿಳಿಯಿತು. 2008ರಲ್ಲಿ ಸಿಯಾಟಲ್ ಕೂಡ 2010ರವರೆಗಿದ್ದ ಲೀಸ್ ಹಿಡಿದೇ ತನ್ನ ಬಾಸ್ಕೆಟ್‌ಬಾಲ್ ತಂಡದ ಸೂಪರ್‌ಸಾನಿಕ್ಸ್ ಹೆಸರು ಉಳಿಸಿಕೊಂಡಿತು, ತಂಡ ಮಾತ್ರ ಒಕ್ಲಹೋಮಾ ಸಿಟಿ ಪಾಲಾಯಿತು.

ಹ್ಯೂಸ್ಟನ್‌ಗೆ ಆ ಭಾಗ್ಯ ಇರಲಿಲ್ಲ. ಅಲ್ಲಿನ ಫುಟ್‌ಬಾಲ್ ತಂಡ ಆಯಿಲರ್ಸ್ 1997ರಲ್ಲಿ ಟೆನೆಸ್ಸಿಗೆ ಹೋಗಿ, ಎರಡು ಸೀಸನ್ ಎಣ್ಣೆ ಬಾವಿಯ ಹೆಸರಲ್ಲೇ ಆಡಿ, 1999ರಲ್ಲಿ ಟೈಟನ್ಸ್ ಆಯಿತು. ಹಳೇ ಹೆಸರು ಮಾತ್ರ ಮಾಲೀಕ ಬಿಡಲಿಲ್ಲ. 2002ರಲ್ಲಿ ಹ್ಯೂಸ್ಟನ್‌ಗೆ ಹೊಸ ತಂಡ ಸಿಕ್ಕಾಗ ಟೆಕ್ಸನ್ಸ್ ಅಂತ ಹೊಸದಾಗಿ ನಾಮಕರಣ ಮಾಡಬೇಕಾಯಿತು.

ಬೆಂಚ್‌ವಾರ್ಮರ್: ಹಾಗಾದ್ರೆ ಐಪಿಎಲ್‌ನಲ್ಲಿ?

ಎಕ್ಸ್‌ಟ್ರಾ ಕವರ್: ಇಲ್ಲಿ ಹೆಸರು ಊರಿಗಿಂತ ಮಾಲೀಕನಿಗೇ ಹೆಚ್ಚು ಅಂಟಿಕೊಂಡಿರುತ್ತೆ. ಡೆಕ್ಕನ್ ಕ್ರಾನಿಕಲ್ ಪತ್ರಿಕೆಯವರದು ಹೈದರಾಬಾದ್‌ನ ಡೆಕ್ಕನ್ ಚಾರ್ಜರ್ಸ್. 2012ರಲ್ಲಿ ಅದು ರದ್ದಾಗಿ, ಹೈದರಾಬಾದ್ ತಂಡ ಸನ್ ಟಿವಿ ಕೈಗೆ ಬಂದಾಗ ಸನ್‌ರೈಸರ್ಸ್ ಆಯಿತು. ನಮ್ಮ ಆರ್‌ಸಿಬಿ ಹೆಸರು ರಾಯಲ್ ಚಾಲೆಂಜ್ ವಿಸ್ಕಿಯಿಂದ ಬಂದದ್ದು. ಮಲ್ಯ 2016ರಲ್ಲಿ ಹೊರಬಿದ್ದರೂ ಅದು ಬದಲಾಗಲಿಲ್ಲ, ಯಾಕಂದ್ರೆ ತಂಡ, ವಿಸ್ಕಿ ಎರಡೂ ಯುನೈಟೆಡ್ ಸ್ಪಿರಿಟ್ಸ್ ಮದ್ಯ ಕಂಪನಿಯದ್ದೇ ಆಗಿದ್ದವು. ಬದಲಾದದ್ದು ಊರಿನ ಭಾಗ: ಸರ್ಕಾರ 2014ರಲ್ಲೇ ಬೆಂಗಳೂರು ಅಂತ ತಿದ್ದಿತ್ತು, ತಂಡ 'ಬ್ಯಾಂಗಲೋರ್' ಬಿಟ್ಟದ್ದು 2024ರ ಮಾರ್ಚ್‌ನಲ್ಲಿ.