‘ಪಿಯಾನೊ ಫೇಸ್’ನ ‘ಫೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೈಶ್ 1967ರಲ್ಲಿ ಎರಡು ಪಿಯಾನೊಗಳಿಗೆಂದು ರಚಿಸಿದ ‘ಪಿಯಾನೊ ಫೇಸ್’ ಬಗ್ಗೆ ಒಂದು ಚಿಕ್ಕ ಪರಿಚಯ ಬರೆಯುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಹಾಕಿಕೊಂಡೆ. ಇಂಗ್ಲಿಷಿನ ‘phase’ ಅನ್ನು ‘ಫೇಸ್’ ಎಂದು ಕನ್ನಡದಲ್ಲಿ ಬರೆದರೆ ಓದುವವರಿಗೆ ಮೊದಲು ಹೊಳೆಯುವುದು ಮುಖ! ‘ತ್ರೀ ಫೇಸ್ ಕರೆಂಟ್’ ನೆನಪಾದರೆ ಅದೇ ವಾಸಿ, ಅರ್ಥಕ್ಕೆ ಸ್ವಲ್ಪ ಹತ್ತಿರ.

ಅಲ್ಲಿ ನಡೆಯುವುದು ಇಷ್ಟು. ಇಬ್ಬರೂ 12 ಸ್ವರಗಳ ಒಂದೇ ತುಣುಕನ್ನು ಒಟ್ಟಿಗೆ, ಮತ್ತೆ ಮತ್ತೆ ನುಡಿಸುತ್ತಾರೆ. ಆಮೇಲೆ ಒಬ್ಬರು ಅದೇ ವೇಗದಲ್ಲಿ ಉಳಿಯುತ್ತಾರೆ. ಇನ್ನೊಬ್ಬರು ಗೊತ್ತೇ ಆಗದ ಹಾಗೆ ವೇಗ ಏರಿಸುತ್ತಾರೆ. ಸ್ವಲ್ಪ ಹೊತ್ತು ಎಲ್ಲ ಕಲಸುಮೇಲೋಗರ. ಒಂದು ಸ್ವರದಷ್ಟು ಮುಂದೆ ಹೋದ ಮೇಲೆ ವೇಗ ಮತ್ತೆ ಒಂದಾಗುತ್ತದೆ, ಬೇರೆಯೇ ಒಂದು ಹೆಣಿಗೆ ಕೇಳಿಸುತ್ತದೆ. ಹೀಗೆ 12 ಸಲ ಆದರೆ ಇಬ್ಬರೂ ಹೊರಟ ಜಾಗಕ್ಕೇ ಬಂದು ಸೇರುತ್ತಾರೆ. ಮುಂದೆ 8 ಸ್ವರ, ಕೊನೆಗೆ 4 ಸ್ವರಗಳಲ್ಲೂ ಇದೇ ಆಟ. ಒಟ್ಟಿಗೆ ಶುರುವಾದ ಎರಡು ಟೇಪ್ ರೆಕಾರ್ಡರ್‌ಗಳು ಮೆಲ್ಲಗೆ ಒಂದಕ್ಕೊಂದು ತಪ್ಪಿಹೋಗುವುದನ್ನು ಕೇಳಿ ರೈಶ್ ಅವರಿಗೆ ಹೊಳೆದ ಉಪಾಯವಿದು.

ಇದಕ್ಕೆ ‘ಹಂತ’ ಎಂದರೆ ನನಗೆ ಒಪ್ಪಿಗೆಯಿಲ್ಲ. ಎರಡು ಹಂತಗಳ ನಡುವೆ ಆಗುವುದೇ ಇಲ್ಲಿ ಮುಖ್ಯ, ಅಲ್ವಾ? ಚಂದ್ರನಿಗೆ ‘ಕಲೆ’ ಹೊಂದುತ್ತದೆ, ಆದರೆ ‘ಪಿಯಾನೊ ಕಲೆ’ ಎಂದರೆ ಪಿಯಾನೊ ಕಲಿಸುವ ಪುಸ್ತಕ ಅನಿಸೀತು. ವಿಜ್ಞಾನದವರ ‘ಪ್ರಾವಸ್ಥೆ’ ಸರಿಯಾದ ಪದವೇ, ಕಿವಿಗೆ ಮಾತ್ರ ಕಬ್ಬಿಣದ ಕಡಲೆ. ‘ಜಾರು’ ಎನ್ನೋಣವೆಂದರೆ ನಮ್ಮ ಸಂಗೀತದಲ್ಲಿ ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ. ಇಲ್ಲಿ ಜಾರುವುದು ಕಾಲ. ‘ಅತೀತ’, ‘ಅನಾಗತ’ಗಳನ್ನೂ ಯೋಚಿಸಿದೆ. ಅವು ತಾಳದ ಲೆಕ್ಕದಲ್ಲಿ ಹಾಡು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುತ್ತವೆ. ಇಲ್ಲಿ ತಾಳ ಹಾಕುವವರೇ ಇಲ್ಲ. ಒಬ್ಬರಿಗೆ ಇನ್ನೊಬ್ಬರೇ ಅಳತೆ.

‘ಪಲ್ಲಟ’ ಒಳ್ಳೆಯ ಪದ. ಆದರೆ ಅದರಲ್ಲಿ ಏನೋ ಬುಡಮೇಲಾದ ಸದ್ದಿದೆ, ಈ ಮೆಲ್ಲನೆಯ ನಡೆ ಇಲ್ಲ.

ನನ್ನ ಮನಸ್ಸು ‘ಸರಿ’ ಎಂಬ ಕ್ರಿಯಾಪದದ ಕಡೆಗಿದೆ. ಹೊತ್ತು ಸರಿಯುತ್ತದೆ, ಮೋಡ ಸರಿಯುತ್ತದೆ, ಸದ್ದಿಲ್ಲದೆ. ‘ಕುಸಿ’ಯಿಂದ ‘ಕುಸಿತ’ ಬಂದ ಹಾಗೆ ‘ಸರಿ’ಯಿಂದ ‘ಸರಿತ’, ‘ಲಯಸರಿತ’ ಎಂದು ಮಾಡಬಹುದೇ? ಸುಮ್ನೆ ‘ಸರಿತ’ ಎಂದರೆ ಯಾರದೋ ಹೆಸರು ಕರೆದ ಹಾಗಾಗುತ್ತದೆ ಎಂಬ ಹೆದರಿಕೆ ಇದೆ. ‘ಸರಿಯುವ ಪಿಯಾನೊ’ ಎಂದರೆ ಪಿಯಾನೊಗೆ ಚಕ್ರ ಹಾಕಿದಂತಾಗುತ್ತದೆ. ಈ ಅರ್ಥದಲ್ಲಿ ‘ಸರಿತ’ವನ್ನು ಎಲ್ಲಾದರೂ ಓದಿದ್ದೀರಾ? ಅಥವಾ ‘ಸರಿಕೆ’ ಜಾಸ್ತಿ ಸಹಜವೇ?